ಥ್ಯಾಚರಮ್ಮನ ಅಂಗಡಿಯೂ ನಮ್ಮ ಮೀಸಲಾತಿಯೂ



ಬ್ರಿಟನ್ನಿನ ರಾಜಕೀಯದ ಮಾತೆತ್ತಿದರೆ ಹಾಸ್ಟೆಲಿನಲ್ಲಿ ಒಬ್ಬನಾದರೂ "ನಮಗೆಂತಕ್ಕೆ ಮಾರಾಯ ಅದು? ಇಲ್ಲಿ ಸ್ಕಾಲರ್‌ಶಿಪ್ಪೇ ಬಂದಿಲ್ಲ" ಅನ್ನುತ್ತಾನೆ. ಅವನ ಮಾತು ತಪ್ಪಲ್ಲ. ಹಸಿದವನಿಗೆ ಲಂಡನ್ ದೂರ. ಆದರೆ ಉಡುಪಿ, ಮಣಿಪಾಲದ ಪೇಟೆಯಲ್ಲಿ ನಮ್ಮ ಕಣ್ಣೆದುರೇ ನಡೆದದ್ದು ಅರ್ಥವಾಗಬೇಕಾದರೆ ಆ ದೇಶದ ಕಡೆ ಒಮ್ಮೆ ತಿರುಗಿ ನೋಡಲೇಬೇಕು.

1945ರಲ್ಲಿ ಅಲ್ಲಿನ ದುಡಿಯುವ ಜನ ಯುದ್ಧ ಗೆಲ್ಲಿಸಿದ ಚರ್ಚಿಲ್‌ನನ್ನೇ ಮನೆಗೆ ಕಳಿಸಿ ಲೇಬರ್ ಪಕ್ಷದ ಆಟ್ಲಿಯನ್ನು ಕೂರಿಸಿದರು. 1946ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್, 1947ರಲ್ಲಿ ಕಲ್ಲಿದ್ದಲ ಗಣಿ, 1948ರಲ್ಲಿ ರೈಲು, ಒಂದೊಂದಾಗಿ ಸರ್ಕಾರದ ಕೈಗೆ ಬಂದವು. ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಬಿಟ್ಟಿ ಆಸ್ಪತ್ರೆ ಬಂತು. (ಇದರ ಹಿಂದೆ ನಮ್ಮಂಥ ವಸಾಹತುಗಳಿಂದ ಸಾಗಿಸಿದ ಹಣ ಎಷ್ಟು ಎಂಬ ಲೆಕ್ಕ ಬೇರೆ. ಅದನ್ನು ಅವರ ಎಡಪಂಥೀಯರೂ ಸಲೀಸಾಗಿ ಮರೆಯುತ್ತಾರೆ.)

1979ರಲ್ಲಿ ಮಾರ್ಗರೆಟ್ ಥ್ಯಾಚರ್ ಗೆದ್ದಳು. ಕಿರಾಣಿ ಅಂಗಡಿಯವನ ಮಗಳು. ದೇಶವನ್ನೇ ಅಂಗಡಿ ಮಾಡಿದಳು. 1984ರಲ್ಲಿ ಟೆಲಿಫೋನು, 1986ರಲ್ಲಿ ಗ್ಯಾಸು, 1989ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಕುಡಿಯುವ ನೀರು! ನೀರಿನ ಸಂಸ್ಥೆಗಳ ಸಾಲವನ್ನು ಸರ್ಕಾರ ತಾನೇ ಹೊತ್ತು, ಚೊಕ್ಕ ಮಾಡಿ ಧಣಿಗಳ ಕೈಗಿಟ್ಟಿತು. ಆಮೇಲೆ ಆ ಕಂಪೆನಿಗಳು ಹೊಸದಾಗಿ ಸಾಲ ಮಾಡಿದವು, ಷೇರುದಾರರಿಗೆ ಲಾಭ ಹಂಚಿದವು, ಹೊಲಸನ್ನು ನದಿಗೆ ಬಿಟ್ಟವು. ಗಣಿಗಳನ್ನು ಮುಚ್ಚಬೇಡಿ ಎಂದು 1984ರ ಮಾರ್ಚಿನಿಂದ ಒಂದು ವರ್ಷ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಪೊಲೀಸರ ಕುದುರೆಗಳು ಅವರ ಮೇಲೆ ನುಗ್ಗಿದವು. ಅವರು ಸೋತರು. 1993ರ ಕಾಯ್ದೆಯಿಂದ ರೈಲೂ ಹೋಯಿತು.

ಲೇಬರ್ ಪಕ್ಷ ಏನು ಮಾಡಿತು? ಉತ್ಪಾದನೆಯ ಸಾಧನಗಳು ಸಮಾಜದ ಒಡೆತನದಲ್ಲಿರಬೇಕು ಎಂದು 1918ರಿಂದ ತನ್ನ ನಿಯಮಾವಳಿಯಲ್ಲಿದ್ದ ಮಾತನ್ನೇ 1995ರಲ್ಲಿ ಟೋನಿ ಬ್ಲೇರ್ ನಾಯಕತ್ವದಲ್ಲಿ ಕಿತ್ತು ಹಾಕಿತು. ಪ್ರಯಾಣಿಕರ ರೈಲನ್ನು ಮರಳಿ ಸರ್ಕಾರದ ಕೈಗೆ ತರುವ ಕಾಯ್ದೆಗೆ 2024 ಬರಬೇಕಾಯಿತು. ಕಟ್ಟಿದ್ದೂ ಪಾರ್ಲಿಮೆಂಟಿನ ಬಹುಮತ, ಮಾರಿದ್ದೂ ಪಾರ್ಲಿಮೆಂಟಿನ ಬಹುಮತ.

ಈ ಅಪಾಯ ಬಾಬಾಸಾಹೇಬರಿಗೆ ಮೊದಲೇ ಗೊತ್ತಿತ್ತು. ಆಟ್ಲಿ ಗಣಿಗಳನ್ನು ರಾಷ್ಟ್ರೀಕರಿಸಿದ ಅದೇ 1947ರಲ್ಲಿ ಅವರು ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಎಂಬ ಮನವಿ ಬರೆದರು. ಮುಖ್ಯ ಕೈಗಾರಿಕೆಗಳು ಸರ್ಕಾರದ್ದಾಗಬೇಕು, ವಿಮೆ ಸರ್ಕಾರದ್ದೇ ಆಗಬೇಕು, ಭೂಮಿ ಸರ್ಕಾರದ್ದಾಗಿ ಸಾಮೂಹಿಕ ಬೇಸಾಯ ನಡೆಯಬೇಕು. ಇಷ್ಟೇ ಆದರೆ ಆಟ್ಲಿಯೂ ಹೇಳುತ್ತಿದ್ದ. ಬಾಬಾಸಾಹೇಬರು ಒಂದು ಹೆಜ್ಜೆ ಮುಂದೆ ಹೋದರು. ಇದನ್ನು ಶಾಸನಸಭೆಯ ಮರ್ಜಿಗೆ ಬಿಡಬೇಡಿ, ಸಂವಿಧಾನದಲ್ಲೇ ಬರೆಯಿರಿ, ಬಹುಮತ ಬದಲಾದರೂ ಅಳಿಸಲು ಬರಬಾರದು ಎಂದರು. ಜಮೀನ್ದಾರರೂ ಸಾಹುಕಾರರೂ ತುಂಬಿದ್ದ ಸಂವಿಧಾನ ಸಭೆ ಇದನ್ನು ಬರೆಯಲು ಬಿಡುತ್ತದೆಯೇ?

ಈಗ ನಮ್ಮೂರಿಗೆ ಬನ್ನಿ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿತು, 1925ರಲ್ಲಿ ಸಿಂಡಿಕೇಟ್. ಎರಡಾಣೆ ನಾಲ್ಕಾಣೆಯನ್ನೂ ಬಿಡದೆ ಮನೆಬಾಗಿಲಿಗೆ ಬಂದು ಕೂಡಿಸುವ ಪಿಗ್ಮಿ ಠೇವಣಿ 1928ರಲ್ಲಿ ಇಲ್ಲಿಂದಲೇ ಶುರುವಾದದ್ದು. ಬಡವನ ಆಣೆ ಬ್ಯಾಂಕಿನೊಳಗೆ ಹೋಯಿತು. ಆದರೆ ಮೇಜಿನ ಹಿಂದಿನ ಕುರ್ಚಿಗೆ ಹೋಗಲು ಹೊಲೆಯರ ಕೇರಿಯ ಹುಡುಗನಿಗೆ ಹಕ್ಕಿನ ದಾರಿ ಇರಲಿಲ್ಲ. 1969ರ ಜುಲೈ 19ರಂದು ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್ ರಾಷ್ಟ್ರೀಕರಣವಾದವು. ಆಮೇಲೆ ಮೀಸಲಾತಿ ಬಂತು. ನೂರಕ್ಕೆ 15, ಏಳೂವರೆ ಎಂಬ ಲೆಕ್ಕ ಬಂತು. ದಯೆಯಿಂದ ಬಂದದ್ದಲ್ಲ, ಮಾಲೀಕ ಬದಲಾದದ್ದರಿಂದ ಬಂದದ್ದು.

2020ರ ಏಪ್ರಿಲ್ 1ರಂದು ಎರಡೂ ಹೆಸರು ಅಳಿಸಿದವು. ಸಿಂಡಿಕೇಟ್ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಪೇಟೆಯ ದೊಡ್ಡವರು "ನಮ್ಮ ಬ್ಯಾಂಕು ಹೋಯ್ತಲ್ಲ" ಎಂದು ಅತ್ತರು. ಅವರ ಅಳು ಹೆಸರಿಗೆ. ವಿಲೀನ ಮಾರಾಟವಲ್ಲ, ಒಪ್ಪೋಣ. ಆದರೆ 2021ರ ಬಜೆಟ್ಟಿನಲ್ಲಿ ಹಣಕಾಸು ಮಂತ್ರಿಣಿ ಎರಡು ಸರ್ಕಾರಿ ಬ್ಯಾಂಕುಗಳನ್ನು ಖಾಸಗಿಯವರಿಗೆ ಕೊಡುತ್ತೇವೆ ಎಂದರು. ಯಾವುದು ಅಂತ ಹೇಳಲಿಲ್ಲ. ಬಾಬಾಸಾಹೇಬರು ಕೇಳಿದ್ದ ಸರ್ಕಾರಿ ವಿಮೆ 1956ರಲ್ಲಿ ಎಲ್‌ಐಸಿಯಾಗಿ ಬಂದಿತ್ತು. 2022ರಲ್ಲಿ ಅದರ ಷೇರೂ ಪೇಟೆಗೆ ಬಂತು. ಮಂಗಳೂರಿನ ವಿಮಾನ ನಿಲ್ದಾಣ 2020ರಲ್ಲಿ ಅದಾನಿಗೆ ಹೋಯಿತು. ನಮ್ಮ ಕಾಪುವಿನ ಎಲ್ಲೂರಿನ ಕಲ್ಲಿದ್ದಲ ವಿದ್ಯುತ್ ಸ್ಥಾವರ ಮೊದಲಿಂದಲೂ ಖಾಸಗಿಯದ್ದು, 2015ರಲ್ಲಿ ಅದೂ ಅದೇ ಅದಾನಿಯ ಕೈ ಸೇರಿತು. ಜಾಗ ಬಿಡಿಸಿಕೊಡಲು ಸರ್ಕಾರ ಬೇಕು, ಕೆಲಸ ಕೊಡುವಾಗ ಮೀಸಲಾತಿ ಬೇಡ!

ಬ್ರಿಟನ್ನಿನ ಗಣಿ ಕಾರ್ಮಿಕನಿಗೂ ನಮಗೂ ವ್ಯತ್ಯಾಸ ಇಲ್ಲಿಯೇ ಉಂಟು. ಅವನು ಕೂಲಿ ಕಳಕೊಂಡ. ನಾವು ಕೂಲಿಯ ಜೊತೆಗೆ ಬಾಗಿಲನ್ನೂ ಕಳಕೊಳ್ಳುತ್ತೇವೆ. ಮೀಸಲಾತಿಯನ್ನು ರದ್ದು ಮಾಡುತ್ತೇವೆ ಎಂದು ಹೇಳುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. ಯಾಕೆ ಹೇಳಬೇಕು? ಮೀಸಲಾತಿ ಇರುವ ಕಟ್ಟಡವನ್ನೇ ಮಾರಿದರೆ ಆಯ್ತಲ್ಲ!

ಹಾಗಾಗಿ ಇಬ್ಬರಿಗೆ ನೇರವಾಗಿ ಒಂದು ಮಾತು. ಖಾಸಗೀಕರಣದ ವಿರುದ್ಧ ಕೆಂಬಾವುಟ ಹಿಡಿಯುವ ಸಂಗಾತಿಗಳೇ, ನಿಮ್ಮ ಕರಪತ್ರದಲ್ಲಿ ಪಿಂಚಣಿ ಉಂಟು, ಡಿಎ ಉಂಟು. ಮೀಸಲಾತಿ ಎಂಬ ನಾಲ್ಕಕ್ಷರ ಯಾಕಿಲ್ಲ? ಅದು ಬರೆಯದೆ ನಮ್ಮನ್ನು ಮೆರವಣಿಗೆಗೆ ಕರೆಯಬೇಡಿ. ಇನ್ನು ನಮ್ಮದೇ ನಾಯಕರೇ, ಬ್ಯಾಕ್‌ಲಾಗ್ ಭರ್ತಿ ಮಾಡಿ ಅಂತ ಮಂತ್ರಿಗೆ ಮನವಿ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತೀರಿ. ಆ ಹುದ್ದೆಯೇ ಮಾರಾಟಕ್ಕಿಟ್ಟಾಗ ಎಲ್ಲಿದ್ದಿರಿ?

ಮುಂದಿನ ಸಭೆಗೆ ಬರುವಾಗ ಕಾಪು, ಕಾರ್ಕಳ, ಉಡುಪಿಯ ಹಾಸ್ಟೆಲಿನವರು ಒಂದೊಂದು ಹಾಳೆ ತನ್ನಿ. ನಿಮ್ಮ ಕೇರಿಯಿಂದ ಬ್ಯಾಂಕಿಗೆ, ಎಲ್‌ಐಸಿಗೆ, ಅಂಚೆಗೆ, ಟೆಲಿಫೋನಿಗೆ ಸೇರಿದವರು ಎಷ್ಟು ಮಂದಿ, ಯಾವ ವರ್ಷ, ಆಮೇಲೆ ಅದೇ ಮನೆಯಿಂದ ಇನ್ನೊಬ್ಬರು ಹೋದರೋ ಇಲ್ಲವೋ ಅಂತ ಹಿರಿಯರನ್ನು ಕೇಳಿ ಬರೆಯಿರಿ. ಹೆಸರು ಬೇಡ, ಲೆಕ್ಕ ಸಾಕು. ಬಂದದ್ದನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.