ಶಸ್ತ್ರ ಕೆಳಗಿಟ್ಟ ಬಳಿಕ

ಅಮೆರಿಕದ ಮರೀನ್ ದಳದ ಜನರಲ್ ಜೇಮ್ಸ್ ಮ್ಯಾಟಿಸ್ 2013ರಲ್ಲಿ ನಿವೃತ್ತರಾದರು. ಅದೇ ವರ್ಷ, ಯುದ್ಧಟ್ಯಾಂಕು ಹಾಗೂ ಜಲಾಂತರ್ಗಾಮಿಗಳನ್ನು ನಿರ್ಮಿಸುವ ಜನರಲ್ ಡೈನಾಮಿಕ್ಸ್ ಕಂಪನಿಯ ನಿರ್ದೇಶಕರಾದರು. ಸೇನೆ ಬಿಟ್ಟು ಏಳು ವರ್ಷ ತುಂಬದವರು ರಕ್ಷಣಾ ಸಚಿವರಾಗಬಾರದೆಂಬ ಅಂದಿನ ಕಾನೂನಿಗೆ ಅಲ್ಲಿನ ಸಂಸತ್ತು ವಿನಾಯಿತಿ ಕೊಟ್ಟಿತು. 2017ರಲ್ಲಿ ಅವರು ಸಚಿವರಾದರು. 2019ರಲ್ಲಿ ಪುನಃ ಅದೇ ಕಂಪನಿಯ ಮಂಡಳಿಗೆ ಮರಳಿದರು.

ಅವರು ಲಂಚ ಪಡೆದರೆ, ಕಾನೂನು ಮುರಿದರೆ ಎಂದು ಕೇಳುವವರಿದ್ದಾರೆ. ಅಂತಹ ಆರೋಪ ನಮ್ಮದಲ್ಲ. ಆದರೆ ಕಾನೂನು ಒಪ್ಪಿದುದೆಲ್ಲವೂ ಧರ್ಮವಾದೀತೆ? ದೇಶರಕ್ಷಣೆಗಾಗಿ ಶಸ್ತ್ರ ಹಿಡಿಯುವುದು ಕರ್ತವ್ಯ. ಶಸ್ತ್ರ ಮಾರುವವರಿಂದ ಸಂಭಾವನೆ ಪಡೆಯುವುದು ವ್ಯಾಪಾರ. ಪದವಿಯಿಂದ ಗಳಿಸಿದ ಪ್ರಭಾವವೂ ಪರಿಗ್ರಹವೇ. ಕೊಳ್ಳುವವನ ಪೀಠದಲ್ಲೂ ಮಾರುವವನ ಪೀಠದಲ್ಲೂ ಸರದಿಯಂತೆ ಒಬ್ಬನೇ ಕುಳಿತರೆ, ಯುದ್ಧದ ಕುರಿತು ಅವನಾಡುವ ಮಾತನ್ನು ಪ್ರಜೆಗಳು ನಂಬುವುದೆಂತು? ಸ್ವತಃ ಸೇನಾನಿಯಾಗಿದ್ದ ಅಧ್ಯಕ್ಷ ಐಸೆನ್‌ಹೋವರ್ 1961ರಲ್ಲಿಯೇ ಸೇನೆ ಮತ್ತು ಶಸ್ತ್ರೋದ್ಯಮಗಳ ಈ ನಂಟಿನ ಬಗ್ಗೆ ತಮ್ಮ ದೇಶವನ್ನು ಎಚ್ಚರಿಸಿದ್ದರು.

ಸೇನೆಗೂ ಸಚಿವಪದವಿಗೂ ನಡುವೆ ವಿಧಿಸಿದ ಅಂತರವನ್ನು ಸೇನೆಗೂ ಶಸ್ತ್ರಕಂಪನಿಗೂ ನಡುವೆ ವಿಧಿಸಬೇಕು. ಅದಕ್ಕೆ ಯಾರಿಗೂ ವಿನಾಯಿತಿ ಇರಕೂಡದು. ಬಸದಿಯ ಜೀರ್ಣೋದ್ಧಾರದ ಗುತ್ತಿಗೆಯನ್ನು ಮಂಜೂರು ಮಾಡಿದ ಟ್ರಸ್ಟಿ ಮರುವರ್ಷ ಆ ಗುತ್ತಿಗೆದಾರನ ಪಾಲುದಾರನಾದರೆ ನಾವು ಒಪ್ಪುವೆವೆ? ಒಪ್ಪೆವೆನ್ನುವವರು ಮೊದಲು ತಮ್ಮ ಟ್ರಸ್ಟಿನ ನಿಯಮಾವಳಿಯಲ್ಲಿ ಅದನ್ನು ಬರೆದಿಡಲಿ.