ಮನೆಯ ಆರೋಗ್ಯ: ಮೂರು ದಿನದ ಗುಳಿಗೆ

ಹೋದ ಮಳೆಗಾಲದ ಮಾತು. ಮುಂಬಯಿಯಲ್ಲಿ ನಮ್ಮ ನೆರೆಮನೆಗೆ ಶಿವಮೊಗ್ಗೆಯಿಂದ ಅಜ್ಜಿ ಬಂದಿದ್ದರು. ಬಂದ ವಾರದಲ್ಲೇ ಜ್ವರ, ಕೆಮ್ಮು. ಮಗನು, "ಡಾಕ್ಟರವರೆಗೂ ಏಕೆ ಹೋಗಬೇಕು? ಹೋದ ವರ್ಷ ನನಗೆ ಕೊಟ್ಟಿದ್ದ ಮೂರು ದಿನದ ಗುಳಿಗೆಯನ್ನೇ ತರುತ್ತೇನೆ" ಎಂದು ಚಪ್ಪಲಿ ಮೆಟ್ಟಿದನು. ಸೊಸೆ ತಡೆದಳು. ಅತ್ತೆಯವರು ಊರಿನಿಂದ ತಂದ ಔಷಧಗಳನ್ನೆಲ್ಲ ಚೀಲಕ್ಕೆ ತುಂಬಿ, ಅವರನ್ನು ವೈದ್ಯರಲ್ಲಿಗೆ ಕರೆದೊಯ್ದಳು.

ವೈದ್ಯರಿಗೆ ಕನ್ನಡ ಬಾರದು, ಅಜ್ಜಿಗೆ ಹಿಂದಿ ಬಾರದು. ಚೀಲವೇ ಮಾತನಾಡಿತು. ಅದರಲ್ಲಿ ಎದೆಬಡಿತದ ಲಯಕ್ಕೆಂದು ಊರಿನ ವೈದ್ಯರು ಕೊಟ್ಟ ಅಮಿಯೊಡರೋನ್ ಇತ್ತು. "ಇದರ ಜೊತೆಗೆ ಆ ಗುಳಿಗೆ ಬೇಡ" ಎಂದ ವೈದ್ಯರು ಬೇರೆ ಔಷಧ ಬರೆದುಕೊಟ್ಟರು.

ಆ ಮೂರು ದಿನದ ಗುಳಿಗೆಯೇ ಅಜಿತ್ರೊಮೈಸಿನ್. ಮ್ಯಾಕ್ರೊಲೈಡ್ ಎಂಬ ಮನೆತನದ್ದು. 1952ರಲ್ಲಿ ಬಳಕೆಗೆ ಬಂದ ಎರಿತ್ರೊಮೈಸಿನ್ ಇದಕ್ಕೆ ಹಿರಿಯಕ್ಕ. ಕ್ಲಾರಿತ್ರೊಮೈಸಿನ್ ಇನ್ನೊಬ್ಬ ತಂಗಿ. ಅಜಿತ್ರೊಮೈಸಿನ್ ದೇಹದೊಳಗೆ ಹಲವು ದಿನ ನಿಲ್ಲುವುದರಿಂದ ಕೆಲವು ಸೋಂಕುಗಳಿಗೆ ಮೂರೇ ದಿನ ಸಾಕಾಗುತ್ತದೆ. ಆದರೆ ಇದು ಬ್ಯಾಕ್ಟೀರಿಯಾಗಳಿಗೆ ಮದ್ದು. ವೈರಸ್ಸಿನಿಂದ ಬರುವ ನೆಗಡಿಗೆ ಇದರಿಂದ ಏನೂ ಆಗದು.

ವೈದ್ಯರು ಇದನ್ನು ಬರೆಯುವ ಮುನ್ನ ತಿಳಿಯಬೇಕಾದ ಸಂಗತಿಗಳು ಕೆಲವುಂಟು. ಮೊದಲನೆಯದು ಹೃದಯ. ಅಪರೂಪಕ್ಕೆ ಈ ಔಷಧದಿಂದ ಬಡಿತದ ಲಯ ಕೆಟ್ಟು ಪ್ರಾಣಾಪಾಯವಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2013ರಲ್ಲಿ ಎಚ್ಚರಿಸಿತು. ಮೊದಲೇ ಲಯದ ತೊಂದರೆಯಿದ್ದವರಿಗೂ ರಕ್ತದಲ್ಲಿ ಪೊಟ್ಯಾಸಿಯಮ್ ಇಳಿದವರಿಗೂ ಭಯ ಹೆಚ್ಚು. ಎರಡನೆಯದು ಇತರ ಔಷಧಗಳು. ಕೊಲೆಸ್ಟರಾಲಿಗೆ ಸಿಮ್ವಾಸ್ಟಾಟಿನ್ ನುಂಗುವವರು ಎರಿತ್ರೊಮೈಸಿನ್ ಅಥವಾ ಕ್ಲಾರಿತ್ರೊಮೈಸಿನ್ ಸೇವಿಸಿದರೆ ಮೊದಲಿನದು ರಕ್ತದಲ್ಲಿ ಹೆಚ್ಚಾಗಿ ಮಾಂಸಖಂಡಗಳಿಗೆ ಹಾನಿಯಾದೀತು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರೂ ತಿಳಿಸಬೇಕು. ಮೂರನೆಯದು, ಹಿಂದೆ ಈ ಗುಳಿಗೆಯಿಂದ ಕಾಮಾಲೆಯೋ ಮೈದದ್ದೋ ಆಗಿದ್ದರೆ ಅದು. ಹಸುಗೂಸಿಗೆ ಕೊಟ್ಟಾಗ ಹಾಲು ರಭಸದಿಂದ ಕಕ್ಕತೊಡಗಿದರೆ ತಾಯಿ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಇನ್ನೊಂದು ಮಾತು. ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ 2016ರಿಂದ ಹಬ್ಬಿದ ವಿಷಮಶೀತಜ್ವರಕ್ಕೆ ಹಳೆಯ ಔಷಧಗಳು ಸೋತವು; ಬಾಯಿಯಿಂದ ಕೊಡುವಂಥದರಲ್ಲಿ ಅಜಿತ್ರೊಮೈಸಿನ್ನೇ ಆಸರೆಯಾಯಿತು. ಸೀನಿಗೊಂದು, ಕೆಮ್ಮಿಗೊಂದು ನುಂಗುತ್ತ ಹೋದರೆ ಕ್ರಿಮಿಗಳು ಇದಕ್ಕೂ ಮಣಿಯದಂತಾಗುತ್ತವೆ. ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರಬಾರದೆಂಬ ಕಾನೂನು ಸುಮ್ಮನೆ ಆದದ್ದಲ್ಲ.

ಆದ್ದರಿಂದ ಚೀಟಿಯಿಲ್ಲದೆ ಕೊಳ್ಳಬೇಡಿ. ಬರೆದಷ್ಟು ದಿನ ಬರೆದಂತೆ ಸೇವಿಸಿ. ಉಳಿಸಿ ಇನ್ನೊಬ್ಬರಿಗೆ ಕೊಡಬೇಡಿ. ಎದೆ ಹೊಡೆದುಕೊಂಡರೆ, ತಲೆಸುತ್ತಿ ಬಿದ್ದರೆ, ಮುಖ ಊದಿ ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಧಾವಿಸಿ.

ಊರಿನಿಂದ ಹಿರಿಯರು ಬಂದಾಗ ಹಪ್ಪಳ, ಉಪ್ಪಿನಕಾಯಿಯ ಗಂಟು ಬಿಚ್ಚುವ ಮೊದಲು ಔಷಧದ ಗಂಟು ಬಿಚ್ಚಿ. ಹೆಸರು, ಪ್ರಮಾಣ, ಹೊತ್ತು, ಇವನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಗೆ ಬರೆದಿಡಿ. ಪರಭಾಷೆಯ ಊರಿನಲ್ಲಿ ಅವರ ಪರವಾಗಿ ಆ ಹಾಳೆ ಮಾತನಾಡೀತು. ನೆರೆಮನೆಯ ಅಜ್ಜಿ ಗುಣವಾಗಿ ದೀಪಾವಳಿಗೆ ಊರಿಗೆ ಮರಳಿದರು. ಸೊಸೆ ಬರೆದುಕೊಟ್ಟ ಹಾಳೆ ಈಗ ಅವರ ಎಲೆ-ಅಡಿಕೆಯ ಚೀಲದಲ್ಲಿದೆಯಂತೆ.