ಮನೆಯ ಸುರಂಗಕ್ಕೊಂದು ತೂಬು

ಕಾವೇರಿಯ ನೀರು ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಿಳಿಯುತ್ತದೆ. 2020ರ ಕೊರೋನಾ ಕಾಲದಲ್ಲಿ ಬೆಂಗಳೂರಿನಿಂದ ಈ ಊರುಗಳಿಗೆ ಮರಳಿದ ನೌಕರರಿಗೆ ಇನ್ನೊಂದು ಸುರಂಗ ಬೇಕಾಯಿತು: ಮನೆಯನ್ನು ಕಚೇರಿಗೆ ಗುಟ್ಟಾಗಿ ಬೆಸೆಯುವ ವಿಪಿಎನ್. ಅದು ತೆರೆಯದಿದ್ದರೆ ಅಂದಿನ ಕೆಲಸ ಕೆಟ್ಟಂತೆಯೇ.

ದೋಷ ಕೆಲವೊಮ್ಮೆ ರೂಟರಿನದು. ಮನೆಯ ಯಂತ್ರಗಳಿಗೆಲ್ಲ ಹೊರಗೆ ಒಂದೇ ವಿಳಾಸ. ಯಾವ ಉತ್ತರ ಯಾರಿಗೆಂಬುದನ್ನು ರೂಟರು ಪೋರ್ಟ್ ಸಂಖ್ಯೆಯಿಂದ ಅರಿಯುತ್ತದೆ. ಐಪಿಸೆಕ್‌ನ ಇಎಸ್‌ಪಿ ಲಕೋಟೆಗೆ ಆ ಸಂಖ್ಯೆಯೇ ಇಲ್ಲ. ಆದುದರಿಂದ ರೂಟರಿನ ಭದ್ರತಾ ಪುಟದಲ್ಲಿ ‘ವಿಪಿಎನ್ ಪಾಸ್‌ಥ್ರೂ’ ಎಂಬಲ್ಲಿ ಐಪಿಸೆಕ್‌ಗೆ ಅನುಮತಿ ಕೊಟ್ಟು ಮರಳಿ ಜೋಡಿಸಬೇಕು. ಅದೇ ಲಕೋಟೆಯನ್ನು ಯುಡಿಪಿ ಪೋರ್ಟ್ 4500ರಲ್ಲಿ ಕಳುಹಿಸುವ ವಿಪಿಎನ್‌ಗೆ ಇದರ ಅಗತ್ಯವಿಲ್ಲ. ಪಿಪಿಟಿಪಿ ಹಳೆಯದು, ಅದರ ಬೀಗ ದುರ್ಬಲ, ಮುಚ್ಚಿರುವುದೇ ಲೇಸು. ತೂಬೆತ್ತಬಲ್ಲವನಿಗೆ ಇಳಿಸುವುದೂ ತಿಳಿದಿರಬೇಕು.